ಸಿದ್ದಗಂಗಯ್ಯನ ಕೈಗೆ ಬಂದ ಮೊರ

ಗುಬ್ಬಿಯ ಹೊಂಬಾಳಮ್ಮ ಮದುವೆಯಾಗಿ ತುಮಕೂರಿನ ಸದಾಶಿವನಗರಕ್ಕೆ ಬರುವವರೆಗೆ ಹಸಿ ಕಾಫಿ ಬೀಜವನ್ನು ಕಂಡವಳಲ್ಲ. ಅವಳ ಗಂಡ ಮತ್ತು ಭಾವ ಸಿದ್ದಗಂಗಯ್ಯ ಸೇರಿ ಶಿರಾ ಗೇಟಿನಲ್ಲಿ ಕಾಫಿಪುಡಿ ಅಂಗಡಿ ಇಟ್ಟಿದ್ದರು. ಬೀಜ ಹುರಿಯುವ ಕೆಲಸ ಮನೆಯದ್ದು, ಅಂದರೆ ಅವಳದ್ದು.

ಹುರಿಯುವುದನ್ನು ಬೇಗ ಕಲಿತಳು. ಹುರಿದದ್ದನ್ನು ತಣ್ಣಗೆ ಆರಿಸುವುದನ್ನು ಕಲಿಯುವಷ್ಟರಲ್ಲಿ ಎಷ್ಟೋ ಬಾಣಲೆ ಬೀಜ ಕರಿಯಾಯಿತು. ಒಲೆಯಿಂದ ಇಳಿಸಿದ ಮಾತ್ರಕ್ಕೆ ಬೀಜ ಸುಮ್ಮನಾಗುವುದಿಲ್ಲ. ರಾಶಿಯಲ್ಲಿ ಬಿಟ್ಟರೆ ತನ್ನ ಕಾವಿನಲ್ಲೇ ಬೇಯುತ್ತ ಹೋಗಿ ಕಹಿಯಾಗುತ್ತದೆ. ಹಾಗಾಗಿ ಇಳಿಸಿದ ಗಳಿಗೆಯಲ್ಲೇ ಮೊರಕ್ಕೆ ಸುರಿದು, ಬೀದಿಯ ಗಾಳಿಗೆ ನಿಂತು ಕೇರುತ್ತಿದ್ದಳು. ಹೊಟ್ಟು ಹಾರಿ ಅವಳ ಕೂದಲ ಮೇಲೆ ಕೂರುತ್ತಿತ್ತು.

ಗಿರಾಕಿಗಳು ಹೊಗಳಿದರೆ ಸಿದ್ದಗಂಗಯ್ಯ, "ಎಲ್ಲಾ ನನ್ ಕೈಹದ. ಮೊರ ಅಲ್ಲಾಡ್ಸಕ್ಕೆ ಮನೇಲೊಂದು ಹೆಂಗಸದೆ" ಎನ್ನುತ್ತಿದ್ದ.

ತೊಂಬತ್ತಾರನೇ ಇಸವಿಯಲ್ಲಿ ಗಂಡ ತೀರಿಕೊಂಡ. ಶಿವಗಣಾರಾಧನೆ ಮುಗಿದ ವಾರವೇ ಅಂಗಡಿಗೆ ಬೀಜ ಹುರಿಯುವ ಕರೆಂಟಿನ ಮಿಷನ್ ಬಂತು. "ಇನ್ಮೇಲೆ ನೀನು ಬೇಡ" ಎಂದು ಭಾವ ಹೇಳಿಕಳಿಸಿದ. ಅವಳು ಜಗಳಕ್ಕೆ ಹೋಗಲಿಲ್ಲ. ಬೀದಿಯ ಮನೆಗಳಿಗೆ ಪುಡಿ ಮಾಡಿಕೊಟ್ಟು ಬದುಕಿದಳು. ಆದರೆ ನಾಲ್ಕು ಜನರೆದುರು ಅವನ ಬಾಯಿಂದಲೇ ಆ ಹದ ಯಾರದೆಂದು ಹೇಳಿಸಬೇಕು ಅನ್ನುವ ಒಂದೇ ಆಸೆಯನ್ನು ಬೂದಿ ಮುಚ್ಚಿದ ಕೆಂಡದಂತೆ ಕಾಪಾಡಿಕೊಂಡಳು.

ಎರಡು ಸಾವಿರದ ಮೂರರಲ್ಲಿ ಸಿದ್ದಗಂಗಯ್ಯನ ಮಗಳು ಸಿಂಚನಾಳನ್ನು ನೋಡಲು ಕುಣಿಗಲ್‌ನಿಂದ ಗಂಡಿನವರು ಬಂದರು. ಅಂದು ಕೊಟ್ಟ ಕಾಫಿ ಹೊಂಬಾಳಮ್ಮನ ಪುಡಿಯದು. ಸಿದ್ದಗಂಗಯ್ಯನ ಹೆಂಡತಿ ಅವನಿಗೆ ಗೊತ್ತಾಗದಂತೆ ಕೊಂಡಿದ್ದಳು. ಗಂಡಿನ ತಂದೆ ಅಪ್ಪಾಜಿ ಎರಡನೇ ಲೋಟ ಕೇಳಿ ಕುಡಿದರು. ಸಿದ್ದಗಂಗಯ್ಯ ಮೀಸೆ ನೀವಿಕೊಂಡು, ತನ್ನ ಕೈಹದ ಎಂದ. "ನಿಶ್ಚಿತಾರ್ಥಕ್ಕೂ ಇದೇ ಇರ್ಲಿ" ಎಂದರು ಅಪ್ಪಾಜಿ.

ನಿಶ್ಚಿತಾರ್ಥದ ಬೆಳಿಗ್ಗೆ ಆ ಪುಡಿ ಮುಗಿದಿತ್ತು. ಹೆಂಡತಿ ನಿಜ ಹೇಳಬೇಕಾಯಿತು. ಇಸ್ತ್ರಿ ಪಂಚೆ ಉಟ್ಟು, ಹಣೆ ತುಂಬ ವಿಭೂತಿ ಬಳಿದುಕೊಂಡಿದ್ದ ಸಿದ್ದಗಂಗಯ್ಯ ನಾಲ್ಕು ಮನೆ ದಾಟಿ ಹೊಂಬಾಳಮ್ಮನ ಬಾಗಿಲಿಗೆ ಬಂದ.

"ಒಂದ್ ಬಾಣಲೆ ಹುರ್ಕೊಡಮ್ಮ. ಅವ್ರು ಬರೋ ಹೊತ್ತಾಯ್ತು."

"ಹುರ್ಕೊಡ್ತೀನಿ ಭಾವ. ಇಲ್ಲೇ ನಿಂತಿರಿ."

ಅವಳು ಇದ್ದ ಬೀಜವನ್ನೆಲ್ಲ ಹಾಕಿ ಹದವಾಗಿ ಹುರಿದಳು. ಹೊಗೆಯಾಡುತ್ತಿದ್ದ ಬೀಜವನ್ನು ಮೊರಕ್ಕೆ ಸುರಿದು, ಬೀದಿಗೆ ತಂದು, ಅವನ ಎರಡೂ ಕೈಗೆ ಇಟ್ಟಳು.

"ನಾನಾ?" ಎಂದ. ಆ ಕಡೆಯ ಗಂಡಸರು ಮೊರ ಮುಟ್ಟುವುದಿಲ್ಲ.

"ನಿಮ್ ಕೈಹದ ಅಲ್ವಾ ಭಾವ. ಬೇಗ ಕೇರಿ, ಸೀದೋಯ್ತದೆ."

ಅವನು ಕೇರಿದ. ಅರ್ಧ ಬೀಜ ನೆಲಕ್ಕೆ ಹಾರಿತು. ಹೊಟ್ಟು ವಿಭೂತಿಗೆ ಅಂಟಿತು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದಿದ್ದ ಪಕ್ಕದ ಮನೆಯ ಮಂಜುಳಮ್ಮ, "ಸೊಂಟ ಬಗ್ಗಿಸ್ಬೇಕು ಸಿದ್ದಗಂಗಯ್ಯನೋರೆ" ಎಂದಳು. ನೀರಿಗೆ ನಿಂತಿದ್ದ ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು.

ಅಷ್ಟರಲ್ಲಿ ಕುಣಿಗಲ್ಲಿನ ವ್ಯಾನು ಬಂದು ನಿಂತಿತು. ಅಪ್ಪಾಜಿ ಇಳಿದವರು ಬೀಗರ ಕೈಲಿದ್ದ ಮೊರ ನೋಡಿ ನಿಂತೇಬಿಟ್ಟರು. ಸಿದ್ದಗಂಗಯ್ಯನ ಕೈ ನಿಂತಿತು. ಬೀಜದಿಂದ ಹೊಗೆ ದಟ್ಟವಾಗಿ ಏಳತೊಡಗಿತು.

"ಈ ಕಾಫಿ ಯಾರ್ ಮಾಡೋದು ಅಂತ ಬೀಗ್ರಿಗೆ ಹೇಳಿ ಭಾವ. ಹೇಳಿದ್ರೆ ಮೊರ ನಾನ್ ಇಸ್ಕೋತೀನಿ."

ಅವನು ನೆಲ ನೋಡುತ್ತ ಗೊಣಗಿದ.

"ಕೇಳಿಸ್ಲಿಲ್ಲ."

"ಇವ್ಳೇ. ಮೊದ್ಲಿಂದ್ಲೂ ಇವ್ಳೇ ಮಾಡ್ತಿದ್ದಿದ್ದು."

ಅಪ್ಪಾಜಿ ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು ಮುಂದೆ ನಡೆದರು. ಹೊಂಬಾಳಮ್ಮ ಮೊರ ತೆಗೆದುಕೊಂಡು ಬೀಜದ ಬಣ್ಣ ನೋಡಿದಳು. ಹದ ದಾಟಿತ್ತು. ಅಷ್ಟನ್ನೂ ತಿಪ್ಪೆಗೆ ಸುರಿದಳು.

"ಬೇರೆ ಬೀಜ ಇಲ್ಲ ಭಾವ. ಟೀ ಕಾಯ್ಸಿ."

ಮದುವೆಯೇನೋ ನಿಲ್ಲಲಿಲ್ಲ. ಆದರೆ ಶಿರಾ ಗೇಟಿನ ಅಂಗಡಿಯಲ್ಲಿ ಸಿದ್ದಗಂಗಯ್ಯ ಮತ್ತೆ ಹದದ ಮಾತೆತ್ತಲಿಲ್ಲ. ಎತ್ತಿದರೆ ಯಾರಾದರೊಬ್ಬರು ಮೊರ ತರಲೇ ಎಂದು ಕೇಳುವುದು ಖಚಿತವಿತ್ತು.

"ಅಷ್ಟ್ ಜನ್ರ ಮುಂದೆ ವಸಿ ಕನಿಕರ ತೋರ್ಸಬೋದಿತ್ತು ಕಣೇ" ಎಂದಳು ಮಂಜುಳಮ್ಮ ಒಂದು ದಿನ, ಪುಡಿ ಕೊಳ್ಳಲು ಬಂದವಳು.

ಹೊಂಬಾಳಮ್ಮ ಬೀಜ ಕೇರುತ್ತಲೇ ಇದ್ದಳು.

"ತೋರ್ಸಿದೀನಲ್ಲಕ್ಕ. ಕಾದ ಬೀಜ ಅಂಗೈಗೆ ಹಾಕಿಲ್ಲ. ಮೊರದಲ್ಲಿ ಕೊಟ್ಟಿದೀನಿ."