ಬುಟ್ಟಿಯಲ್ಲಿದ್ದ ಎರಡು ಕಣಗಿಲೆ

ಮೈಸೂರಿನ ಆಸ್ಪತ್ರೆಯೊಂದರ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲಿರುವ ಅಜ್ಜಿ ಬೆಳಿಗ್ಗೆಯಷ್ಟೇ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಪರಿಚಯವಾದವರು. ಹರಕೆಗೆಂದು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಹೂವಿನ ಬುಟ್ಟಿ ಹಿಡಿದು ಹಿಂದೆ ಬರುತ್ತಿದ್ದ ಪುಟ್ಟ ಮೊಮ್ಮಗಳು, ಹೂವಿನ ಜೊತೆ ಕಿತ್ತು ಬಂದಿದ್ದ ಗುಂಡನೆಯ ಹಸಿರು ಕಾಯೊಂದನ್ನು ಕಚ್ಚಿದಳು. ನಾನು ಓಡಿಹೋಗಿ ಬಾಯಿಗೆ ಬೆರಳು ಹಾಕುವಷ್ಟರಲ್ಲಿ ಒಂದಿಷ್ಟು ನುಂಗಿಯಾಗಿತ್ತು. ಆ ದವಡೆ ಅಲ್ಲಾಡಿದ್ದೇ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತಿದೆ.

"ಏನು ತಿಂದ್ಳು?" ಎಂದು ಡಾಕ್ಟರು ಕೇಳಿದರು.

"ಕಣಗಲೆ ಸಾ, ದೇವ್ರ ಹೂವು," ಎಂದರು ಅಜ್ಜಿ.

"ಯಾವ ಕಣಗಿಲೆ?"

ಅಜ್ಜಿಗೆ ಎರಡೂ ಒಂದೇ. ಬುಟ್ಟಿಯಲ್ಲಿ ಎರಡೂ ಇದ್ದವು. ಕೆಂಪಿನದು ಎಸಳು ಬಿಚ್ಚಿ ಘಮ್ಮೆನ್ನುತ್ತದೆ, ಅದರ ಕಾಯಿ ಕಡ್ಡಿಯಂತೆ ಉದ್ದ. ಹಳದಿಯದು ಗಂಟೆಯಂತೆ ಅರೆಮುಚ್ಚಿಕೊಂಡಿರುತ್ತದೆ, ಕಾಯಿ ಗುಂಡಗೆ, ಮಗುವಿನ ಅಂಗೈಗೆ ಹೇಳಿ ಮಾಡಿಸಿದಂತೆ. ನಾನು ಹಳದಿಯನ್ನು ತೋರಿಸಿದೆ.

"ಎರಡೂ ವಿಷಾನೇ ಅಜ್ಜಿ. ನಾಳೆವರೆಗೂ ಎದೆಬಡಿತ ನೋಡ್ತಾನೇ ಇರ್ಬೇಕು," ಎಂದು ಡಾಕ್ಟರು ಮಗುವಿದ್ದ ವಾರ್ಡಿನೊಳಗೆ ಹೋದರು.

ಈಗ ಬುಟ್ಟಿ ನಮ್ಮಿಬ್ಬರ ನಡುವೆ ಇದೆ. "ತಾಯಿಗೆ ಅಂತ ಕಿತ್ತಿದ್ದು ಕಣಮ್ಮ, ಕಸಕ್ಕೆ ಹಾಕಂಗಿಲ್ಲ. ಇಟ್ಕೊಳಕೂ ಭಯ ಆಯ್ತದೆ," ಎಂದರು ಅಜ್ಜಿ. ವಾರ್ಡಿನ ಬಾಗಿಲ ಕಡೆ ನೋಡಿ, "ಅರಕೆ ಇವಳ ಎಸ್ರಲ್ಲೇ. ಅರ್ಧಕ್ಕೇ ಬಿಟ್ಟು ಬಂದ್ಬುಟ್ಟೆ," ಎಂದರು.

ಕೈ ತೊಳೆದುಕೊಂಡು ಬನ್ನಿ ಎಂದು ನರ್ಸ್ ಹೇಳಿದರೂ ಅವರು ಏಳಲಿಲ್ಲ. ಕುಂಕುಮದ ಬೆರಳುಗಳನ್ನು ಯಾವುದಕ್ಕೂ ತಾಗದಂತೆ ಮಡಿಲ ಮೇಲೆ ಎತ್ತಿ ಹಿಡಿದು ಕೂತಿದ್ದಾರೆ.