ಅಲುಗದೆ ಕೂತವರು

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ನಮ್ಮ ಪ್ರಿಂಟಿಂಗ್ ಶೆಡ್ಡಿಗೆ ಆ ವಾರ ಒಂದು ಪ್ರದರ್ಶನದ ಕೆಲಸ ಬಂದಿತ್ತು. ಅಮೆರಿಕದ ಮೂಲನಿವಾಸಿಗಳಾದ ಹೋ-ಚಂಕ್ ಕುಟುಂಬಗಳು ನೂರು ವರ್ಷಕ್ಕೂ ಹಿಂದೆ ಸ್ಟುಡಿಯೋದಲ್ಲಿ ಕೂತು ತೆಗೆಸಿಕೊಂಡ ಫೋಟೊಗಳು. ಹಿಂದೆ ಚಿತ್ರ ಬರೆದ ಪರದೆ, ಎದೆ ತುಂಬ ಮಣಿಸರ, ನಗುವಿಲ್ಲದ ಮುಖ. ಆಳೆತ್ತರಕ್ಕೆ ಪ್ರಿಂಟ್ ಹಾಕಿ ಹಾಕಿ ನಾಲ್ಕನೇ ದಿನಕ್ಕೆ ನಮ್ಮ ಮುಖಗಳೂ ಹಾಗೇ ಆಗಿದ್ದವು.

ನನಗೆ ಕಂಡವರ ಮುಖ ಹಾಕಿಕೊಳ್ಳುವ ಚಟ. ಮ್ಯಾನೇಜರ್ ಫೋನಿನಲ್ಲಿ ‘ಯಲ್ಲಾ ಯಲ್ಲಾ’ ಎಂದು ಅವಸರ ಮಾಡುವುದು, ರಜೆ ಕೇಳಲು ಹೋದ ನಾನೇ ಬಾಗುವುದು, ಎಲ್ಲ ಮಾಡಿ ತೋರಿಸುತ್ತಿದ್ದೆ. ಅಂದು ಸ್ಟೂಲಿನ ಮೇಲೆ ಕೂತು, ಚಿತ್ರದ ಅಜ್ಜನಂತೆ ಮೊಣಕಾಲಿಗೆ ಕೈಯಿಟ್ಟು ಮುಖ ಬಿಗಿದುಕೊಂಡೆ. ಯಾರೂ ನಗಲಿಲ್ಲ. ನಗಲಿಕ್ಕೂ ಶಕ್ತಿ ಬೇಕಲ್ಲ.

ಲ್ಯಾಮಿನೇಶನ್ ನೋಡುವ ಬ್ಯಾರಿ ಕಾಕ ಮಾತ್ರ, “ಫೋಟೊದ ಕೆಳಗೆ ಎಂತ ಬರ್ದದ್ದು, ಓದು” ಎಂದರು.

“ಇವರನ್ನು ಊರಿಂದ ಎಷ್ಟೋ ಸಲ ಓಡಿಸಿದರಂತೆ ಕಾಕ. ಪುನಃ ಪುನಃ ವಾಪಸ್ ಬಂದರಂತೆ.”

ಕಾಕ ಚಿತ್ರದ ಹತ್ತಿರ ಬಂದರು. ಅವರ ಹೆಂಡತಿ, ಮೂರು ವರ್ಷದ ಮಗಳು ವಿಸಿಟ್ ವೀಸಾದಲ್ಲಿ ಬಂದಿದ್ದರು. “ನಾಳೆ ಇಬ್ಬರೂ ಊರಿಗೆ ಹೋಗ್ತಾರೆ ಮಾರಾಯ. ಮೂವರದ್ದು ಸರಿಯಾದ ಒಂದು ಫೋಟೊ ಇಲ್ಲ. ಸೆಲ್ಫಿಯಲ್ಲಿ ನನ್ನ ಕೈಯೇ ದೊಡ್ಡದು. ಹೀಗೆ ಕೂತದ್ದು ಒಂದು ಬೇಕಿತ್ತು.”

ಸಂಜೆ ಕಾಕ ಇಬ್ಬರನ್ನೂ ಶೆಡ್ಡಿಗೆ ಕರೆತಂದರು. ಬಿಳಿ ವಿನೈಲ್ ಹಾಳೆಯನ್ನು ಪರದೆಯಂತೆ ಇಳಿಬಿಟ್ಟು ಮೂರು ಸ್ಟೂಲ್ ಹಾಕಿದೆವು. ಮಗು ಕೂರಲೊಲ್ಲದು. ಅದನ್ನು ಒಲಿಸಲು ನಾನು ಸ್ಟ್ಯಾಂಡಿನ ಕ್ಯಾಮೆರಾ ಪಕ್ಕ ನಿಂತು ಕೋತಿಯಾದೆ, ಒಂಟೆಯಾದೆ, ಮ್ಯಾನೇಜರ್ ಆದೆ. ಒಂದೊಂದನ್ನೂ ಅವಳು ನನಗಿಂತ ಚೆನ್ನಾಗಿ ಮಾಡಿದಳು. ತೆಗೆದ ಪ್ರತಿ ಫೋಟೊದಲ್ಲೂ ಅಪ್ಪ ಅಮ್ಮನ ನಡುವೆ ಒಂದು ಒಂಟೆ.

ಕಂಪನಿ ಬಸ್ಸಿಗೆ ಹತ್ತು ನಿಮಿಷ ಉಳಿದಿತ್ತು. ಕಾಕನ ಭುಜ ಇಳಿದಿತ್ತು. “ನಿನ್ನ ಮುಖ ಒಮ್ಮೆ ಬಂದ್ ಮಾಡು ಮಾರಾಯ. ಅವಳು ನಿನ್ನನ್ನೇ ಮಾಡುದು.”

ಬಂದ್ ಮಾಡಿದೆ. ಬೇರೆ ಯಾರ ಮುಖವೂ ಹಾಕಿಕೊಳ್ಳದೆ ನಿಂತೆ. ಬೆಳಗಿನಿಂದ ನಿಂತ ಕಾಲು ನೋಯುತ್ತಿತ್ತು. ಮಗು ನನ್ನನ್ನೇ ನೋಡುತ್ತ ನೋಡುತ್ತ ಕೈ ಇಳಿಸಿತು, ಅಲುಗದೆ ಕೂತಿತು. ಬಟನ್ ಒತ್ತಿದೆ.

ಪ್ರಿಂಟ್ ಬಂದಾಗ ಕಾಕ ಮಗಳ ಮುಖಕ್ಕೆ ಬೆರಳು ತೋರಿಸಿದರು. “ಇದೆಂತ, ಓವರ್‌ಟೈಮ್ ಮಾಡಿದವಳ ಹಾಗೆ ಉಂಟು.”

ನಿಜ. ಪಾಪ, ಮಗು ನನ್ನ ಸುಸ್ತನ್ನೂ ಬಿಡದೆ ಮಾಡಿ ತೋರಿಸಿತ್ತು. “ಇನ್ನೊಂದು ತೆಗೆಯುವನಾ ಕಾಕ?”

“ಖಲಾಸ್. ಮೂವರೂ ಕೂತಿದ್ದೇವಲ್ಲ.” ಅದನ್ನೇ ಎರಡು ಪ್ರತಿ ಲ್ಯಾಮಿನೇಟ್ ಮಾಡಿದರು. ಒಂದು ಹೆಂಡತಿಯ ಸೂಟ್‌ಕೇಸಿಗೆ, ಒಂದು ತಮ್ಮ ಮಂಚದ ಪಕ್ಕದ ಗೋಡೆಗೆ.