ಮೂಡಲಗಿಯ ಸೇನಾಪತಿ ಮತ್ತೆ ಎದ್ದ

ಕೇಳಿರಿ ಗೆಳೆಯರೇ, ಇವತ್ತು ಗೋಕಾಕದ ಸೈಬರ್ ಕೆಫೆಯಲ್ಲಿ ರಾಜಹತ್ಯೆಯಾಯಿತು! ಸತ್ತವನು ನಾನೇ.

ಅಂತರ್ಜಾಲದಲ್ಲಿ ನಾವೊಂದಿಷ್ಟು ಮಂದಿ ಸೇರಿ ಯುದ್ಧದ ಕಥೆ ಕಟ್ಟುತ್ತಿದ್ದೇವೆ. ಪ್ರತಿಯೊಬ್ಬರೂ ತಮ್ಮ ಪಾತ್ರವನ್ನಷ್ಟೇ ಬರೆಯಬೇಕು. ಕಂಪನಿ ನಾಟಕಗಳಲ್ಲಿ ರಾಜನ ಪಾತ್ರ ಮಾಡಿ ಹಣ್ಣಾದ ನನ್ನದು ಇಲ್ಲೂ ರಾಜ, ಮೂಡಲಗಿಯ ಬಟ್ಟೆ ವ್ಯಾಪಾರಿ ಜಿನ್ನಪ್ಪನದು ಶತ್ರು ಸೇನಾಪತಿ. ಬೆಳಿಗ್ಗೆ ನಾನು ಪುಟಗಟ್ಟಲೆ ಗರ್ಜಿಸಿ, ಅದೇ ಭರದಲ್ಲಿ ಅವನ ಸೇನಾಪತಿಯ ರುಂಡವನ್ನೂ ಹಾರಿಸಿಬಿಟ್ಟೆ.

ತಕ್ಷಣ ಜಿನ್ನಪ್ಪನ ಫೋನು. "ಏನ್ರಿ ಕಾಕಾ, ಕತ್ತಿ ಬೀಸೂದು ನಿಮ್ಮ ಕೆಲಸ. ಸಾಯೂದೋ ತಪ್ಪಿಸ್ಕೊಳ್ಳೂದೋ ನಾ ಬರೀಬೇಕಲ್ರಿ?"

"ತಮ್ಮಾ, ನಮ್ಮ ನಾಟಕದಾಗ ರಾಜಾನ ಮಾತು ಮುಗದ ಮ್ಯಾಲ ಎದುರಿನಾಂವ ಬಿದ್ದ ಬೀಳ್ತಾನ!"

"ಆತು ಬಿಡ್ರಿ. ಅದ ನಾಟಕದಾಗ ಮಂದಿ 'ಒನ್ಸ್ ಮೋರ್' ಅಂದ್ರ ಸತ್ತಾಂವ ಎದ್ದು ಬರ್ತಾನಲ್ರಿ?"

"ಬರಾಕ ಬೇಕು. ಅದು ಪದ್ಧತಿ!"

ಸ್ವಲ್ಪ ಹೊತ್ತಿನಲ್ಲೇ ಜಿನ್ನಪ್ಪನ ಮಾತು ಕೇಳಿ ಗುಂಪಿನವರೆಲ್ಲ 'ಒನ್ಸ್ ಮೋರ್' ಎಂದು ಬರೆದರು. ಸೇನಾಪತಿ ಧೂಳು ಕೊಡವಿಕೊಂಡು ಎದ್ದ. ನಾನು ಹಾಕಿಕೊಟ್ಟ ಪದ್ಧತಿಯಂತೆಯೇ, ನನ್ನನ್ನು ಕೇಳದೆ, ಒಂದೇ ಸಾಲಿನಲ್ಲಿ ನನ್ನ ರಾಜನನ್ನು ಕೊಂದ.

ಮಧ್ಯಾಹ್ನದಿಂದ ಕಂಪ್ಯೂಟರಿನ ಮುಂದೆ ಹೆಣವಾಗಿ ಕೂತಿದ್ದೇನೆ. ನನಗೆ 'ಒನ್ಸ್ ಮೋರ್' ಅನ್ನುವವರು ಇನ್ನೂ ಯಾರೂ ಬಂದಿಲ್ಲ. ಒಬ್ಬರಾದರೂ ಕೂಗಿರಪ್ಪಾ, ಕೆಫೆ ಮುಚ್ಚುವ ಹೊತ್ತಾಯಿತು.